ಮಕ್ಕಳ ಕರುಳಿನ ಉರಿಯೂತವೂ ಮಹಾಮಾರಿಯ ಭಯವೂ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬುದು ಕನ್ನಡಿಗರ ಮನೆಗಳಲ್ಲಿ ತಲೆತಲಾಂತರದಿಂದ ಕೇಳಿಬಂದಿರುವ ಗಾದೆ. ಹೊಟ್ಟೆಯ ಬೇನೆಗಳಲ್ಲಿ ಬಹುಪಾಲು ಊಟದ ಅಕ್ರಮದಿಂದಲೂ ನೀರಿನ ಅಶುದ್ಧಿಯಿಂದಲೂ ಬರುವುವೆಂಬುದು ನಿಜ. ಆದರೆ ಊಟದಲ್ಲಿ ಯಾವ ತಪ್ಪನ್ನೂ ಎಸಗದ, ಕಾಯಿಸಿ ಆರಿಸಿದ ನೀರನ್ನೇ ಕುಡಿಯುವ ಮಗುವಿಗೂ ತಿಂಗಳುಗಟ್ಟಲೆ ಭೇದಿಯಾಗಿ, ಮಲದಲ್ಲಿ ರಕ್ತ ಕಾಣಿಸಿಕೊಂಡು, ಮೈ ಇಳಿಯುತ್ತ ಹೋಗುವ ಸಂದರ್ಭಗಳುಂಟು. ಇಂತಹ ಮಕ್ಕಳಲ್ಲಿ ಕೆಲವರನ್ನು ಬಾಧಿಸುವುದು ಕರುಳಿನ ದೀರ್ಘಕಾಲದ ಉರಿಯೂತ. ವೈದ್ಯರು ಇದನ್ನು ‘ಇನ್‌ಫ್ಲಮೇಟರಿ ಬವೆಲ್ ಡಿಸೀಸ್’ ಎಂದೂ, ಸಂಕ್ಷೇಪವಾಗಿ ‘ಐ.ಬಿ.ಡಿ.’ ಎಂದೂ ಕರೆಯುತ್ತಾರೆ.

ಈ ರೋಗಕ್ಕೆ ತುತ್ತಾದ ಮಕ್ಕಳು ವರ್ಷಗಟ್ಟಲೆ ಔಷಧ ಸೇವಿಸಬೇಕಾಗುತ್ತದೆ. ಆ ಔಷಧಗಳಲ್ಲಿ ಅನೇಕವು ಶರೀರದ ರೋಗನಿರೋಧಕ ಶಕ್ತಿಯನ್ನು ಹತೋಟಿಯಲ್ಲಿಡುವಂಥವು. 2020ನೆಯ ವರ್ಷದಲ್ಲಿ ಕೊರೋನಾ ಮಹಾಮಾರಿ ಬಂದೆರಗಿದಾಗ ಇಂತಹ ಮಕ್ಕಳ ತಂದೆತಾಯಿಗಳ ಮುಂದೆ ಕಠಿನವಾದ ಪ್ರಶ್ನೆಯೊಂದು ಎದ್ದುನಿಂತಿತು. ಔಷಧವನ್ನು ಮುಂದುವರಿಸಿದರೆ ವೈರಾಣುವಿನ ಭಯ. ನಿಲ್ಲಿಸಿದರೆ ಕರುಳಿನ ಭಯ. ಈ ಪ್ರಶ್ನೆಗೆ ಅನುಭವವು ಕೊಟ್ಟ ಉತ್ತರವನ್ನು ತಿಳಿದಿಟ್ಟುಕೊಳ್ಳುವುದು, ಮುಂದೆ ಎಂದಾದರೂ ಇನ್ನೊಂದು ಸಾಂಕ್ರಾಮಿಕ ತಲೆದೋರಿದಾಗಲೂ ಉಪಯುಕ್ತವಾದೀತು.

ರೋಗದ ಸ್ವರೂಪ

ಮನುಷ್ಯನ ಕರುಳು ಹೊರಗಿನ ಪ್ರಪಂಚದೊಡನೆ ದಿನವೂ ವ್ಯವಹರಿಸುವ ಅಂಗ. ಆಹಾರ, ನೀರು, ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಇದರ ಮೂಲಕ ಹಾದುಹೋಗುತ್ತವೆ. ಇವುಗಳಲ್ಲಿ ಯಾವುದು ಮಿತ್ರ, ಯಾವುದು ಶತ್ರು ಎಂದು ವಿವೇಚಿಸಿ ಶತ್ರುವನ್ನು ಮಾತ್ರ ಎದುರಿಸುವ ಕಾರ್ಯ ಶರೀರದ ರಕ್ಷಣಾ ವ್ಯವಸ್ಥೆಗೆ ಸೇರಿದ್ದು. ಕೆಲವರಲ್ಲಿ ಈ ವಿವೇಚನೆ ತಪ್ಪಿ, ರಕ್ಷಿಸಬೇಕಾದ ಶಕ್ತಿಯೇ ಕರುಳಿನ ಗೋಡೆಯ ಮೇಲೆ ಎರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವುದು ಇದಕ್ಕೆ ಸರಿಯಾಗಿ ಒಪ್ಪುತ್ತದೆ. ವಂಶದಿಂದ ಬಂದ ಪ್ರವೃತ್ತಿ, ಕರುಳಿನ ಸೂಕ್ಷ್ಮಜೀವಿಗಳಲ್ಲಾಗುವ ಏರುಪೇರು, ಬದಲಾದ ಆಹಾರ ಮತ್ತು ಪರಿಸರ ಇವೆಲ್ಲ ಸೇರಿ ರೋಗಕ್ಕೆ ಕಾರಣವಾಗುತ್ತವೆಂದು ವೈದ್ಯವಿಜ್ಞಾನ ಹೇಳುತ್ತದೆ. ತಾಯಿಯ ಅಡಿಗೆಯಾಗಲಿ, ಮಗು ಎಂದೋ ತಿಂದ ಚಾಟ್ ಆಗಲಿ ಇದಕ್ಕೆ ಹೊಣೆಯಲ್ಲ. ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವೂ ಅಲ್ಲ.

ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ‘ಅಲ್ಸರೇಟಿವ್ ಕೊಲೈಟಿಸ್’. ಇದು ದೊಡ್ಡ ಕರುಳಿಗೆ ಸೀಮಿತವಾದದ್ದು. ಗುದದ್ವಾರದ ಬಳಿ ಆರಂಭವಾಗಿ ಮೇಲ್ಮುಖವಾಗಿ ಹಬ್ಬುತ್ತ ಕರುಳಿನ ಒಳಪದರವನ್ನು ಹುಣ್ಣಾಗಿಸುತ್ತದೆ. ಎರಡನೆಯದು ‘ಕ್ರೋನ್ಸ್ ರೋಗ’. ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇದನ್ನು ವಿವರಿಸಿದುದರಿಂದ ಈ ಹೆಸರು ಬಂದಿದೆ. ಇದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಸಣ್ಣ ಕರುಳಿನ ಕೊನೆಯ ಭಾಗ ಇದರ ಮೆಚ್ಚಿನ ತಾಣ. ಕರುಳಿನ ಗೋಡೆಯ ಎಲ್ಲ ಪದರಗಳಿಗೂ ಇಳಿಯುವುದರಿಂದ ಕರುಳು ಕಿರಿದಾಗುವುದು, ಕೀವುಗಟ್ಟುವುದು, ಗುದದ ಬಳಿ ಭಗಂದರವಾಗುವುದು ಮುಂತಾದ ತೊಡಕುಗಳು ಉಂಟಾಗುತ್ತವೆ.

ಇವು ಪಾಶ್ಚಾತ್ಯರ ರೋಗಗಳು, ಭಾರತೀಯರಿಗೆ ಬರುವುದಿಲ್ಲವೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯೊಂದರಲ್ಲಿ ಒಂದು ಲಕ್ಷ ಜನರಿಗೆ ಸುಮಾರು 44 ಮಂದಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಇರುವುದು ಕಂಡುಬಂದು, 2003ರಲ್ಲಿ ಅದು ಪ್ರಕಟವಾದ ಮೇಲೆ ಆ ನಂಬಿಕೆ ಸಡಿಲವಾಯಿತು. ಇವು ದೊಡ್ಡವರಿಗೇ ಬರುವ ರೋಗಗಳೆಂಬುದೂ ಸರಿಯಲ್ಲ. ಒಟ್ಟು ರೋಗಿಗಳಲ್ಲಿ ಸುಮಾರು ಕಾಲುಭಾಗದವರಲ್ಲಿ ಇಪ್ಪತ್ತು ವರ್ಷ ತುಂಬುವುದರೊಳಗಾಗಿಯೇ ರೋಗ ತಲೆದೋರುತ್ತದೆ.

ಮಕ್ಕಳಲ್ಲಿ ಲಕ್ಷಣಗಳು

ದೊಡ್ಡವರು ತಮ್ಮ ನೋವನ್ನು ಹೇಳಿಕೊಳ್ಳಬಲ್ಲರು. ಮಕ್ಕಳು, ಅದರಲ್ಲೂ ಹತ್ತು ಹನ್ನೆರಡು ವರ್ಷ ದಾಟಿದವರು, ಮಲವಿಸರ್ಜನೆಯ ವಿಷಯವನ್ನು ಹೇಳಲು ನಾಚುತ್ತಾರೆ. ಶಾಲೆಯಲ್ಲಿ ಮತ್ತೆಮತ್ತೆ ಹೊರಗೆ ಹೋಗಬೇಕಾದೀತೆಂದು ಅಂಜಿ ಬೆಳಗಿನ ತಿಂಡಿಯನ್ನೇ ಬಿಡುವ ಮಗುವನ್ನು “ಹಟಮಾರಿ” ಎಂದು ಗದರಿಸುವ ಮನೆಗಳು ಕಡಿಮೆಯಲ್ಲ. ಆದುದರಿಂದ ಕೆಳಗಿನ ಸೂಚನೆಗಳನ್ನು ಹಿರಿಯರೇ ಗಮನಿಸಬೇಕು.

ನಾಲ್ಕು ವಾರಗಳಿಗೂ ಮೀರಿ ನಿಲ್ಲದ ಭೇದಿ, ಮಲದಲ್ಲಿ ರಕ್ತ ಅಥವಾ ಲೋಳೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು ಅಥವಾ ಮಲಪ್ರವೃತ್ತಿ, ಕಾರಣ ತಿಳಿಯದ ಜ್ವರ, ರಕ್ತಹೀನತೆ, ಬಾಯಿಯಲ್ಲಿ ಪದೇ ಪದೇ ಹುಣ್ಣು, ಕೀಲುಗಳ ಬಾವು, ಗುದದ ಸುತ್ತ ಗಾಯ ಅಥವಾ ಕೀವು. ಇವುಗಳೊಂದಿಗೆ ಮಕ್ಕಳಿಗೇ ವಿಶಿಷ್ಟವಾದ ಇನ್ನೊಂದು ಲಕ್ಷಣವಿದೆ. ಅದು ಬೆಳವಣಿಗೆ ಕುಂಠಿತವಾಗುವುದು. ಕ್ರೋನ್ಸ್ ರೋಗದಲ್ಲಿ ಭೇದಿ ಹೆಚ್ಚಾಗಿ ಇಲ್ಲದೆಯೂ ಎತ್ತರ ತೂಕಗಳು ಏರದೆ ನಿಂತುಬಿಡಬಹುದು. ಯೌವನದ ಚಿಹ್ನೆಗಳು ತಡವಾಗಬಹುದು. “ನಮ್ಮ ಮನೆತನದಲ್ಲಿ ಎಲ್ಲರೂ ಸಣಕಲೇ” ಎಂಬ ಸಮಾಧಾನದಲ್ಲಿ ಎರಡು ವರ್ಷ ಕಳೆದುಹೋದರೆ, ಬೆಳೆಯುವ ವಯಸ್ಸಿನ ಆ ಎರಡು ವರ್ಷಗಳನ್ನು ಮರಳಿ ಪಡೆಯುವುದು ಕಷ್ಟ.

ನಮ್ಮ ದೇಶದಲ್ಲಿ ರೋಗನಿರ್ಣಯಕ್ಕೆ ಇನ್ನೂ ಒಂದು ತೊಡಕಿದೆ. ರಕ್ತಭೇದಿಯಾದರೆ ಆಮಶಂಕೆಯೆಂದೂ, ಬರಿಯ ರಕ್ತ ಬಿದ್ದರೆ ಮೂಲವ್ಯಾಧಿಯೆಂದೂ ಮನೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಕರುಳಿನ ಕ್ಷಯವಂತೂ ಕ್ರೋನ್ಸ್ ರೋಗವನ್ನು ಎಷ್ಟು ಹೋಲುತ್ತದೆಂದರೆ ನುರಿತ ತಜ್ಞರಿಗೂ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ಅಪಾಯಕಾರಿ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧದಿಂದ ಕ್ಷಯ ಉಲ್ಬಣಿಸುತ್ತದೆ. ಆದುದರಿಂದಲೇ ವೈದ್ಯರು ರಕ್ತಪರೀಕ್ಷೆ, ಮಲದಲ್ಲಿ ‘ಕ್ಯಾಲ್‌ಪ್ರೊಟೆಕ್ಟಿನ್’ ಎಂಬ ಪ್ರೋಟೀನಿನ ಪರೀಕ್ಷೆ, ಕೊನೆಗೆ ‘ಕೊಲೊನೊಸ್ಕೋಪಿ’, ಅಂದರೆ ದುರ್ಬೀನಿನ ಮೂಲಕ ಕರುಳನ್ನು ನೋಡಿ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸುವುದು, ಇವನ್ನೆಲ್ಲ ಮಾಡಿಸುತ್ತಾರೆ. ಇದು ವೃಥಾ ವೆಚ್ಚವೆಂದು ಭಾವಿಸಬಾರದು.

ಚಿಕಿತ್ಸೆಯ ಕ್ರಮ

ಈ ರೋಗವನ್ನು ಬೇರುಸಹಿತ ಕಿತ್ತುಹಾಕುವ ಔಷಧ ಇನ್ನೂ ದೊರೆತಿಲ್ಲ. ಆದರೆ ಉರಿಯೂತವನ್ನು ಶಮನಗೊಳಿಸಿ, ಮತ್ತೆ ಕೆರಳದಂತೆ ಹಿಡಿದಿಟ್ಟು, ಮಗು ಎಲ್ಲರಂತೆ ಓದಿ ಆಡಿ ಬೆಳೆಯುವಂತೆ ಮಾಡುವುದು ಸಾಧ್ಯ. ಅಲ್ಸರೇಟಿವ್ ಕೊಲೈಟಿಸ್ ಸೌಮ್ಯವಾಗಿದ್ದರೆ ‘ಮೆಸಲಮಿನ್’ ಜಾತಿಯ ಮಾತ್ರೆಗಳು ಸಾಕಾಗಬಹುದು. ರೋಗ ಕೆರಳಿದಾಗ ‘ಪ್ರೆಡ್ನಿಸೊಲೋನ್’ ಎಂಬ ಸ್ಟೀರಾಯ್ಡನ್ನು ಕೆಲವು ವಾರಗಳ ಕಾಲ ಕೊಡುವುದುಂಟು. ದೀರ್ಘಕಾಲದ ಹತೋಟಿಗೆ ‘ಅಜಥಯೊಪ್ರಿನ್’ ಮೊದಲಾದುವನ್ನು ಬಳಸುತ್ತಾರೆ. ಇವುಗಳನ್ನು ಸೇವಿಸುವಾಗ ಆಗಾಗ್ಗೆ ರಕ್ತಪರೀಕ್ಷೆ ಅವಶ್ಯ. ಇವುಗಳಿಗೂ ಬಗ್ಗದ ರೋಗಕ್ಕೆ ‘ಇನ್‌ಫ್ಲಿಕ್ಸಿಮ್ಯಾಬ್’, ‘ಅಡಾಲಿಮುಮ್ಯಾಬ್’ ಎಂಬ ಜೈವಿಕ ಔಷಧಗಳಿವೆ. ಮೊದಲನೆಯದನ್ನು ಆಸ್ಪತ್ರೆಯಲ್ಲಿ ಡ್ರಿಪ್ಪಿನ ಮೂಲಕ ಆರಂಭದ ದಿನ, ಎರಡನೆಯ ವಾರ, ಆರನೆಯ ವಾರ, ಅನಂತರ ಸಾಮಾನ್ಯವಾಗಿ ಎಂಟು ವಾರಗಳಿಗೊಮ್ಮೆ ಕೊಡಲಾಗುತ್ತದೆ. ಎರಡನೆಯದು ಚರ್ಮದ ಕೆಳಗೆ ಚುಚ್ಚುವ ಇಂಜೆಕ್ಷನ್. ಇವು ದುಬಾರಿಯಾದ ಔಷಧಗಳು. ಆದರೂ 2014ರಿಂದೀಚೆಗೆ ಭಾರತದಲ್ಲಿಯೇ ತಯಾರಾದ ಸಮಾನ ಔಷಧಗಳು ಮಾರುಕಟ್ಟೆಗೆ ಬಂದು ಹೊರೆ ಸ್ವಲ್ಪ ಇಳಿದಿದೆ.

ಮಕ್ಕಳ ಕ್ರೋನ್ಸ್ ರೋಗಕ್ಕೆ ಮಾತ್ರ ವಿಶೇಷವಾಗಿ ಒಪ್ಪುವ ಇನ್ನೊಂದು ಚಿಕಿತ್ಸೆಯುಂಟು. ಆರರಿಂದ ಎಂಟು ವಾರಗಳ ಕಾಲ ಬೇರೆ ಎಲ್ಲ ಊಟವನ್ನೂ ಬಿಟ್ಟು, ಪೂರ್ಣ ಪೋಷಕಾಂಶಗಳಿರುವ ದ್ರವಾಹಾರವನ್ನಷ್ಟೇ ಕೊಡುವುದು. ಇದರಿಂದ ಸ್ಟೀರಾಯ್ಡಿನ ಹಂಗಿಲ್ಲದೆ ಉರಿಯೂತ ತಗ್ಗುವುದಲ್ಲದೆ ಮಗುವಿನ ತೂಕವೂ ಏರುತ್ತದೆ. ಮನೆಯವರೆಲ್ಲ ಅನ್ನ ಸಾರು ಉಣ್ಣುವಾಗ ಮಗು ಲೋಟ ಹಿಡಿದು ಕೂಡುವುದು ಸುಲಭವಲ್ಲ. ಮನೆಮಂದಿಯ ಸಹಕಾರವಿಲ್ಲದೆ ಇದು ನಡೆಯದು.

ಇವೆಲ್ಲವುಗಳ ಮರ್ಮ ಒಂದೇ: ಔಷಧ ತಪ್ಪಬಾರದು. ಹೊಟ್ಟೆನೋವು ನಿಂತಿತೆಂದು ಔಷಧವನ್ನು ಬಿಟ್ಟರೆ ಉರಿಯೂತ ಒಳಗೊಳಗೇ ಮರಳುತ್ತದೆ. ಇನ್‌ಫ್ಲಿಕ್ಸಿಮ್ಯಾಬಿನ ಸರದಿ ಬಹಳ ತಪ್ಪಿದರೆ ಶರೀರವು ಆ ಔಷಧಕ್ಕೇ ಪ್ರತಿರೋಧ ಬೆಳೆಸಿಕೊಂಡು, ಮುಂದೆ ಅದು ಕೆಲಸ ಮಾಡದೆಯೂ ಹೋಗಬಹುದು. ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದಂತೂ ಪ್ರಾಣಾಪಾಯಕ್ಕೆ ಎಡೆಕೊಡುತ್ತದೆ.

2020ರ ಮಾರ್ಚ್ ತಿಂಗಳು

ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದುವು. ರಾಜ್ಯ ಬೇರೆಯಾದರೂ, ದೊಡ್ಡ ಕಾಯಿಲೆಯೆಂದರೆ ಹೈದರಾಬಾದಿಗೆ ಹೋಗುವ ರೂಢಿ ಆ ಭಾಗದ ಕನ್ನಡಿಗರಲ್ಲಿ ತಪ್ಪಿಲ್ಲ. ಮಹಾಮಾರಿಯ ಕಥೆಯೂ ಇದೇ ದಾರಿಯಲ್ಲಿ ಆರಂಭವಾಯಿತು. ಸೌದಿ ಅರೇಬಿಯಾದಿಂದ ಕಲಬುರಗಿಗೆ ಮರಳಿದ್ದ 76 ವರ್ಷದ ವೃದ್ಧರೊಬ್ಬರನ್ನು ಚಿಕಿತ್ಸೆಗಾಗಿ ಹೈದರಾಬಾದಿಗೆ ಕರೆತರಲಾಗಿತ್ತು. ಅಲ್ಲಿಂದ ಊರಿಗೆ ಮರಳುವ ದಾರಿಯಲ್ಲಿ, 2020ರ ಮಾರ್ಚ್ 10ರಂದು ಅವರು ತೀರಿಕೊಂಡರು. ಎರಡು ದಿನಗಳ ಅನಂತರ ಅದು ಭಾರತದಲ್ಲಿ ಕೊರೋನಾದಿಂದ ಸಂಭವಿಸಿದ ಮೊದಲ ಮರಣವೆಂದು ದೃಢಪಟ್ಟಿತು. ಆ ನಡುವೆ, ಮಾರ್ಚ್ 11ರಂದು, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮಹಾಮಾರಿಯೆಂದು ಘೋಷಿಸಿತ್ತು.

ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಪ್ರಯಾಣಿಕರ ರೈಲುಗಳು ನಿಂತುವು. ರಾಜ್ಯದ ಗಡಿಗಳು ಮುಚ್ಚಿದುವು. ಸಿಕಂದರಾಬಾದಿನ ಗಾಂಧಿ ಆಸ್ಪತ್ರೆ ಕೊರೋನಾ ರೋಗಿಗಳಿಗೇ ಮೀಸಲಾಯಿತು. ತುರ್ತಲ್ಲದ ಕೊಲೊನೊಸ್ಕೋಪಿ ಪರೀಕ್ಷೆಗಳು ಎಲ್ಲೆಡೆ ಮುಂದಕ್ಕೆ ಹೋದುವು. ಎಂಟು ವಾರಗಳಿಗೊಮ್ಮೆ ಮಗುವನ್ನು ಬೀದರದಿಂದ ಸುಮಾರು 140 ಕಿಲೋಮೀಟರು ಕರೆತಂದು ಡ್ರಿಪ್ ಹಾಕಿಸಬೇಕಾದ ತಂದೆಯ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಹೈದರಾಬಾದಿನಲ್ಲೇ ನೆಲೆಸಿದ ಕುಟುಂಬಗಳಿಗೂ ಚಿಂತೆ ತಪ್ಪಿರಲಿಲ್ಲ. ಆಸ್ಪತ್ರೆಗೆ ಹೋದರೆ ಅಲ್ಲಿಂದಲೇ ಸೋಂಕು ಬಂದೀತೆಂಬ ಅಂಜಿಕೆ ಒಂದು ಕಡೆ. “ಶಕ್ತಿ ಕುಂದಿಸುವ ಆ ಮಾತ್ರೆಗಳನ್ನು ಈ ಕಾಲದಲ್ಲಿ ಕೊಡಬೇಡಿ” ಎಂಬ ನೆಂಟರ ಫೋನು ಇನ್ನೊಂದು ಕಡೆ.

ಅಂಜಿಕೆ ನಿರಾಧಾರವೆಂದು ಆ ದಿನಗಳಲ್ಲಿ ಯಾರೂ ಹೇಳುವಂತಿರಲಿಲ್ಲ. ಕೊರೋನಾ ವೈರಾಣು ಶರೀರದ ಜೀವಕೋಶಗಳನ್ನು ಹೊಗುವುದು ‘ಎ.ಸಿ.ಇ.-2’ ಎಂಬ ಬಾಗಿಲಿನಿಂದ. ಆ ಬಾಗಿಲು ಶ್ವಾಸಕೋಶದಲ್ಲಿರುವಂತೆ ಸಣ್ಣ ಕರುಳಿನ ಒಳಪದರದಲ್ಲಿಯೂ ಹೇರಳವಾಗಿದೆ. ಹೀಗಿರುವಾಗ ಮೊದಲೇ ಹುಣ್ಣಾದ ಕರುಳು, ಮೇಲಾಗಿ ತಗ್ಗಿಸಿದ ನಿರೋಧಕ ಶಕ್ತಿ, ಇವೆರಡೂ ಸೇರಿದ ಮಗುವಿನ ಗತಿಯೇನೆಂದು ವೈದ್ಯರೂ ಚಿಂತಿಸಿದರು.

ಲೆಕ್ಕಗಳು ಹೇಳಿದ್ದೇನು?

ಉತ್ತರ ಬಹಳ ಬೇಗ ಬಂದಿತು. ರೋಗ ಮೊದಲು ಹರಡಿದ ಚೀನಾ ಮತ್ತು ದಕ್ಷಿಣ ಕೊರಿಯಾ ದೇಶಗಳ ಮಕ್ಕಳ ತಜ್ಞರಿಂದ ಸಂಗ್ರಹಿಸಿದ ಮಾಹಿತಿ 2020ರಲ್ಲಿಯೇ ಪ್ರಕಟವಾಯಿತು. ಐ.ಬಿ.ಡಿ. ಇದ್ದ ಯಾವ ಮಗುವಿಗೂ ಕೊರೋನಾ ತಗುಲಿದ ವರದಿ ಆ ಕೇಂದ್ರಗಳಿಂದ ಬರಲಿಲ್ಲ. ಆದರೆ ಮಹಾಮಾರಿಯ ದೆಸೆಯಿಂದ 79 ಮಕ್ಕಳಿಗೆ ಜೈವಿಕ ಔಷಧ ತಡವಾಗಿತ್ತು. ಅವರಲ್ಲಿ 17 ಮಕ್ಕಳ ಕರುಳಿನ ರೋಗ ಮತ್ತೆ ಕೆರಳಿತ್ತು. ಅಂದರೆ ಐದರಲ್ಲಿ ಒಬ್ಬರಿಗಿಂತಲೂ ಹೆಚ್ಚು ಮಕ್ಕಳು, ಬಾರದ ವೈರಾಣುವಿನ ದೆಸೆಯಿಂದ, ಇದ್ದ ರೋಗದಿಂದಲೇ ನರಳಿದರು.

ಇದೇ ವೇಳೆಗೆ ಅಮೆರಿಕದ ವೈದ್ಯರು ‘ಸೆಕ್ಯೂರ್-ಐ.ಬಿ.ಡಿ.’ ಎಂಬ ಅಂತರರಾಷ್ಟ್ರೀಯ ದಾಖಲೆಯನ್ನು ತೆರೆದಿದ್ದರು. ಐ.ಬಿ.ಡಿ. ಇದ್ದು ಕೊರೋನಾ ತಗುಲಿದ ರೋಗಿಗಳ ವಿವರವನ್ನು ಜಗತ್ತಿನ ಯಾವ ವೈದ್ಯರಾದರೂ ಅದಕ್ಕೆ ಕಳುಹಿಸಬಹುದಾಗಿತ್ತು. ಈ ದಾಖಲೆಯನ್ನೂ ಇಂತಹುದೇ ಮತ್ತೊಂದನ್ನೂ ಸೇರಿಸಿ ನೋಡಿದಾಗ 23 ದೇಶಗಳ 209 ಮಕ್ಕಳ ವಿವರ ದೊರೆಯಿತು. ಅವರಲ್ಲಿ ಆಸ್ಪತ್ರೆಗೆ ಸೇರಬೇಕಾದವರು 14 ಮಂದಿ, ಅಂದರೆ ನೂರಕ್ಕೆ ಏಳರಷ್ಟು. ಕೃತಕ ಉಸಿರಾಟ ಬೇಕಾದವರು ಇಬ್ಬರು. ಮರಣ ಒಂದೂ ಇಲ್ಲ. ಆಸ್ಪತ್ರೆ ಸೇರಿದವರಲ್ಲಿ ಹೆಚ್ಚಾಗಿ ಕಂಡುಬಂದುದು ಹತೋಟಿಗೆ ಬಾರದ ಕರುಳಿನ ರೋಗ, ಸ್ಟೀರಾಯ್ಡ್ ಸೇವನೆ ಮತ್ತು ಬೇರೆ ಕಾಯಿಲೆಗಳು. ಎಲ್ಲರೂ ಅಂಜಿದ್ದ ಇನ್‌ಫ್ಲಿಕ್ಸಿಮ್ಯಾಬ್ ವರ್ಗದ ಔಷಧವನ್ನಷ್ಟೇ ಪಡೆಯುತ್ತಿದ್ದ ಮಕ್ಕಳು ಆಸ್ಪತ್ರೆ ಸೇರಿದ್ದು ಇತರರಿಗಿಂತ ಕಡಿಮೆ.

ಈ ಎರಡು ಲೆಕ್ಕಗಳು ಒಂದೇ ಬಗೆಯವಲ್ಲ. ವೈದ್ಯರು ತಾವಾಗಿ ಕಳುಹಿಸಿದ ವಿವರಗಳಾದುದರಿಂದ ಅವುಗಳಿಗೆ ಮಿತಿಯೂ ಇದೆ. ಆದರೂ ಎರಡರಿಂದಲೂ ಹೊರಡುವ ಅರ್ಥ ಸ್ಪಷ್ಟ. ಔಷಧದಿಂದ ಹತೋಟಿಯಲ್ಲಿದ್ದ ಕರುಳು ಮಗುವನ್ನು ಕಾಪಾಡಿತು. ಔಷಧ ತಪ್ಪಿ ಕೆರಳಿದ ಕರುಳು ಮಗುವನ್ನು ಆಸ್ಪತ್ರೆಗೂ ಸ್ಟೀರಾಯ್ಡಿಗೂ ದೂಡಿತು. ಯಾವುದರಿಂದ ಪಾರಾಗಲೆಂದು ಔಷಧವನ್ನು ಬಿಟ್ಟರೋ ಅದಕ್ಕೇ ಹಾದಿಯಾಯಿತು. ಆದುದರಿಂದ ತಜ್ಞರ ಸಂಘಗಳು ಔಷಧವನ್ನು ಎಂದಿನಂತೆ ಮುಂದುವರಿಸಬೇಕೆಂದೂ, ಸ್ಟೀರಾಯ್ಡನ್ನು ಮಾತ್ರ ವೈದ್ಯರ ನಿಗಾದಲ್ಲಿ ಸಾಧ್ಯವಾದಷ್ಟು ತಗ್ಗಿಸಬೇಕೆಂದೂ ಸಲಹೆಯಿತ್ತುವು. ಸೋಂಕು ನಿಜವಾಗಿ ತಗುಲಿದಾಗ ಕೆಲವು ಔಷಧಗಳನ್ನು ಸ್ವಲ್ಪ ಕಾಲ ತಡೆಹಿಡಿಯಬೇಕಾದೀತು. ಆದರೆ ಆ ನಿರ್ಧಾರ ವೈದ್ಯರದು, ಮನೆಯವರದಲ್ಲ.

ಕರುಳಿನ ರೋಗವನ್ನು ಹೋಲುವ ಇನ್ನೊಂದು

ಕೊರೋನಾ ತಗುಲಿ ವಾಸಿಯಾದ ಎರಡರಿಂದ ಆರು ವಾರಗಳಲ್ಲಿ ಕೆಲವು ಮಕ್ಕಳಿಗೆ ತೀವ್ರ ಜ್ವರ, ಹೊಟ್ಟೆನೋವು, ವಾಂತಿ, ಭೇದಿ, ಕಣ್ಣು ಕೆಂಪಾಗುವುದು, ಮೈಮೇಲೆ ಗಂದೆ ಕಾಣಿಸಿಕೊಂಡುವು. ‘ಮಿಸ್-ಸಿ’ ಎಂದು ಹೆಸರಾದ ಈ ತೊಡಕು ಹೃದಯವನ್ನೂ ಬಾಧಿಸುವಂಥದು. ಭಾರತದಲ್ಲಿ 2021ರ ಎರಡನೆಯ ಅಲೆಯ ಬಳಿಕ ಹೆಚ್ಚು ಮಕ್ಕಳಲ್ಲಿ ಕಂಡುಬಂದಿತು. ಇದು ದಿನಗಳಲ್ಲಿ ಉಲ್ಬಣಿಸುವಂಥದು, ಐ.ಬಿ.ಡಿ. ಬಹುತೇಕ ವಾರ ತಿಂಗಳುಗಳಲ್ಲಿ ಬೆಳೆಯುವಂಥದು. ಮೇಲ್ನೋಟಕ್ಕೆ ಎರಡೂ ಹೊಟ್ಟೆಯ ಬೇನೆಗಳೇ ಆದುದರಿಂದ, ಜ್ವರದೊಡನೆ ಹೊಟ್ಟೆನೋವಿರುವ ಮಗುವನ್ನು ಮನೆಮದ್ದಿನಲ್ಲಿ ಇರಿಸಿಕೊಳ್ಳದೆ ಕೂಡಲೇ ಆಸ್ಪತ್ರೆಗೆ ಒಯ್ಯುವುದು ಯುಕ್ತ.

ಲಸಿಕೆಯ ವಿಷಯದಲ್ಲಿ ಹೈದರಾಬಾದಿಗೆ ವಿಶೇಷ ಸ್ಥಾನವಿದೆ. 2022ರ ಜನವರಿ 3ರಿಂದ 15 ವರ್ಷ ಮೇಲ್ಪಟ್ಟ ಮಕ್ಕಳಿಗೆ ಕೊಟ್ಟ ಕೋವ್ಯಾಕ್ಸಿನ್, ಅದೇ ಮಾರ್ಚ್ 16ರಿಂದ 12 ವರ್ಷ ತುಂಬಿದವರಿಗೆ ಕೊಟ್ಟ ಕಾರ್ಬೆವ್ಯಾಕ್ಸ್, ಎರಡೂ ಈ ನಗರದ ಸಂಸ್ಥೆಗಳು ತಯಾರಿಸಿದುವು. ಎರಡರಲ್ಲಿಯೂ ಜೀವಂತ ವೈರಾಣುವಿಲ್ಲ. ನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವ ಮಕ್ಕಳಿಗೆ ಇಂತಹ ಲಸಿಕೆಗಳನ್ನು ಕೊಡಬಹುದು. ದಡಾರ, ಸೀತಾಳೆ ಸಿಡುಬು ಮುಂತಾದುವುಗಳ ಜೀವಂತ ಲಸಿಕೆಗಳನ್ನು ಮಾತ್ರ ಅಂತಹ ಔಷಧ ಆರಂಭಿಸುವುದಕ್ಕೆ ಮುಂಚೆಯೇ ಹಾಕಿಸುವ ಬಗ್ಗೆ ವೈದ್ಯರನ್ನು ವಿಚಾರಿಸಬೇಕು.

ತಂದೆತಾಯಿಗಳು ನೆನಪಿಡಬೇಕಾದುವು

1. ಮಗುವಿನ ಎತ್ತರ ತೂಕಗಳನ್ನು ಮೂರು ತಿಂಗಳಿಗೊಮ್ಮೆ ಬರೆದಿಡಬೇಕು. ಬೆಳವಣಿಗೆ ನಿಂತುದು ಕಣ್ಣಿಗೆ ಕಾಣುವುದಕ್ಕೆ ಮುಂಚೆ ಪುಸ್ತಕದಲ್ಲಿ ಕಾಣುತ್ತದೆ.

2. ರೋಗದ ಹೆಸರು, ಔಷಧದ ಪ್ರಮಾಣ, ಕಳೆದ ಡ್ರಿಪ್ಪಿನ ದಿನಾಂಕ, ಮುಂದಿನದರ ದಿನಾಂಕ, ಪರೀಕ್ಷೆಯ ಫಲಿತಾಂಶಗಳು ಒಂದೇ ಕಡತದಲ್ಲಿರಲಿ. ರಜೆಗೆಂದು ಊರಿಗೆ ಹೋದ ಮಗು ಅಲ್ಲಿಯೇ ಉಳಿಯಬೇಕಾದರೆ ಈ ಕಡತದ ನಕಲು ಹೊಸ ವೈದ್ಯರಿಗೆ ದಾರಿ ತೋರಿಸುತ್ತದೆ.

3. ಮಾತ್ರೆಗಳು ಮುಗಿಯುವ ಮುನ್ನವೇ ಮುಂದಿನ ತಿಂಗಳಿನವನ್ನು ತಂದಿಡಬೇಕು. ಜೈವಿಕ ಇಂಜೆಕ್ಷನ್ನುಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕಾದುದರಿಂದ ಊರಿಗೆ ಒಯ್ಯುವಾಗ ತಣ್ಣನೆಯ ಪೆಟ್ಟಿಗೆ ಬೇಕು, ಹೆಪ್ಪುಗಟ್ಟಲೂಬಾರದು.

4. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಕರುಳಿನ ರೋಗವನ್ನು ಕೆರಳಿಸಬಹುದು.

5. ದೂರದಿಂದಲೇ ಸಲಹೆ ಪಡೆಯುವ ಕ್ರಮಕ್ಕೆ 2020ರ ಮಾರ್ಚ್ 25ರಂದು ದೇಶದಲ್ಲಿ ಮಾರ್ಗಸೂಚಿ ಪ್ರಕಟವಾಗಿದೆ. ದಾರಿ ಕಟ್ಟಾದಾಗ ಔಷಧ ಬಿಡುವ ಬದಲು ಫೋನಿನಲ್ಲಿ ವೈದ್ಯರನ್ನು ಕೇಳುವುದು ಲೇಸು.

6. ಅಕ್ಕಪಕ್ಕದವರ, ನೆಂಟರ ಸಲಹೆ ಪ್ರೀತಿಯಿಂದಲೇ ಬಂದುದಾದರೂ ಅದರಿಂದ ಔಷಧವನ್ನು ಹೆಚ್ಚು ಕಡಿಮೆ ಮಾಡಬಾರದು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೋನಾದ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಮಕ್ಕಳ ಕರುಳಿನ ರೋಗ ಮಾತ್ರ ಹಾಗೆ ಒಂದು ದಿನ ಮುಗಿಯುವಂಥದಲ್ಲ. ಪರಸ್ಥಳದಲ್ಲಿ ನೆಲೆಸಿದ ಕುಟುಂಬಕ್ಕೆ ಅಜ್ಜಿ ಅಜ್ಜಂದಿರ ಆಸರೆ ದೂರ. ಮಗುವಿನ ತೀರ ಅಂತರಂಗದ ಬಾಧೆಯನ್ನು ಪರಭಾಷೆಯಲ್ಲಿ ವಿವರಿಸಬೇಕಾದ ಕಷ್ಟವೂ ಸೇರಿಕೊಳ್ಳುತ್ತದೆ. ಡ್ರಿಪ್ಪಿಗಾಗಿ ಬೀದರದಿಂದಲೋ ಕಲಬುರಗಿಯಿಂದಲೋ ಬಂದ ತಾಯಿಯೊಬ್ಬಳಿಗೆ ಒಂದು ರಾತ್ರಿ ತಂಗಲು ಎಡೆ, ವೈದ್ಯರೊಡನೆ ಮಾತನಾಡಲು ತೆಲುಗೋ ಹಿಂದಿಯೋ ಬಲ್ಲ ಒಬ್ಬ ಜೊತೆಗಾರ, ರಕ್ತ ಬೇಕಾದಾಗ ಒಬ್ಬ ದಾನಿ ದೊರೆತರೆ ಆಕೆಯ ಅರ್ಧ ಭಾರ ಇಳಿದಂತೆ. ಕನ್ನಡಿಗರು ಕೂಡಿ ಬಾಳುವ ಸಂಘಗಳಿಗೆ ಇದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ಮಗುವಿನ ಔಷಧ ಒಂದು ಸರದಿಯೂ ತಪ್ಪದಿರುವಂತೆ ನೋಡಿಕೊಳ್ಳುವುದರಲ್ಲಿ ನೆರವಾದವರೆಲ್ಲರೂ ಆ ಚಿಕಿತ್ಸೆಯಲ್ಲಿ ಪಾಲುದಾರರೇ.